ತಾಳವಾಡಿಯ ಮಗುವೂ ಶಾಲೆಯ ಋಣವೂ

ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿ, ಹಾಸನೂರನ್ನು ದಾಟಿ ತಾಳವಾಡಿಯತ್ತ ಹೊರಳಿದ ಪಯಣಿಗನಿಗೆ, ರಾಜ್ಯ ಬದಲಾಗದಿದ್ದರೂ ನುಡಿ ಬದಲಾದುದು ಕಿವಿಗೆ ಬೀಳುತ್ತದೆ. ಹೊಲದಲ್ಲಿ, ಸಂತೆಯಲ್ಲಿ, ಮನೆಯ ಜಗಲಿಯಲ್ಲಿ ಕನ್ನಡ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಈ ನಾಡು ಮದರಾಸು ರಾಜ್ಯದಲ್ಲಿಯೇ ಉಳಿಯಿತು. 1979ರಲ್ಲಿ ಕೊಯಮತ್ತೂರು ಜಿಲ್ಲೆಯಿಂದ ಬೇರ್ಪಟ್ಟ ಈರೋಡಿಗೆ ಸೇರಿತು. ವರನಟ ರಾಜ್‌ಕುಮಾರರ ಗಾಜನೂರು ಇಲ್ಲಿಯದೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ. ಹೇಳಬೇಕಾದುದು ಬೇರೆ: ಇಲ್ಲಿಯ ಮಗು ಶಾಲೆಯ ಹೊಸ್ತಿಲನ್ನು ತುಳಿದಾಗ ಆ ಶಾಲೆ ಅದಕ್ಕೆ ತೀರಿಸಬೇಕಾದ ಋಣವೇನು?

ಸಂವಿಧಾನದ 350-ಎ ವಿಧಿ 1956ರ ಏಳನೆಯ ತಿದ್ದುಪಡಿಯಿಂದ ಬಂದುದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಕರ್ಯವನ್ನು ಒದಗಿಸಲು ಪ್ರತಿಯೊಂದು ರಾಜ್ಯವೂ ಯತ್ನಿಸತಕ್ಕದ್ದೆಂದು ಅದು ವಿಧಿಸುತ್ತದೆ. ‘ಸಾಕಷ್ಟು’ ಎಂದರೆ ಎಷ್ಟು? ಇದಕ್ಕೊಂದು ಹಳೆಯ ಅಳತೆಯುಂಟು. 1949ರಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನವು, ತರಗತಿಯಲ್ಲಿ 10 ಅಥವಾ ಶಾಲೆಯಲ್ಲಿ 40 ಮಕ್ಕಳು ಆ ಭಾಷೆಯವರಿದ್ದರೆ ಅದರಲ್ಲಿ ಕಲಿಸುವ ಉಪಾಧ್ಯಾಯರನ್ನು ಒದಗಿಸಬೇಕೆಂದು ಒಪ್ಪಿತು. ಒಂದು ಊರಿನಲ್ಲಿ ಸಂಖ್ಯೆ ಸಾಲದಿದ್ದರೆ ನೆರೆಯ ಶಾಲೆಯೊಡನೆ ಹೊಂದಿಸಿಕೊಳ್ಳುವ ಕ್ರಮವನ್ನೂ, ಮುಂಚಿತವಾಗಿ ಕೋರಿಕೆಗಳನ್ನು ನೋಂದಾಯಿಸುವ ಕ್ರಮವನ್ನೂ ಭಾಷಾ ಅಲ್ಪಸಂಖ್ಯಾತರ ಆಯುಕ್ತರ ವರದಿಗಳು ಮತ್ತೆ ಮತ್ತೆ ಕೇಳಿವೆ. ಬಾಯಿಮಾತಿನ ಬೇಡಿಕೆಗೆ ಕಡತದಲ್ಲಿ ಸ್ಥಾನವಿಲ್ಲ. ಆದುದರಿಂದ ತಂದೆತಾಯಿಗಳು ಬರೆದು ಕೊಡುವುದೇ ಲೇಸು.

ತಮಿಳಿನ ಪ್ರಶ್ನೆ ಇದಕ್ಕಿಂತ ತೊಡಕಿನದು. 2006ರ ತಮಿಳು ಕಲಿಕೆ ಶಾಸನವು ಒಂದನೆಯ ತರಗತಿಯಿಂದ ಆರಂಭಿಸಿ, ವರ್ಷಕ್ಕೊಂದು ತರಗತಿಯಂತೆ ತಮಿಳನ್ನು ಕಡ್ಡಾಯಗೊಳಿಸಿತು. 2015-16ಕ್ಕೆ ಅದು ಹತ್ತನೆಯ ತರಗತಿಯನ್ನು ಮುಟ್ಟಿತು. ಅಲ್ಪಸಂಖ್ಯಾತ ಭಾಷೆಗಳ ವಿದ್ಯಾರ್ಥಿಗಳು ನ್ಯಾಯಾಲಯದ ಮೆಟ್ಟಿಲೇರಿದರು. 2023ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಸಾಲಿನ ಪರೀಕ್ಷೆಗೆ ವಿನಾಯಿತಿಯನ್ನು ಮುಂದುವರಿಸಿತು. ತಮಿಳುನಾಡಿನಲ್ಲಿ ಬಾಳುವ ಮಗು ತಮಿಳನ್ನು ಕಲಿಯಬಾರದೆಂದು ಹೇಳುವವರ ಪಂಗಡಕ್ಕೆ ನಾನು ಸೇರಿದವನಲ್ಲ. ಕಚೇರಿಯೂ ಉದ್ಯೋಗವೂ ಆ ಭಾಷೆಯಲ್ಲಿಯೇ ಇರುವಾಗ ಅದನ್ನು ಕಲಿಯದಿರುವುದು ಮಗುವಿಗೇ ನಷ್ಟ. ಆದರೆ ಕಲಿಸುವ ಉಪಾಧ್ಯಾಯರನ್ನು ಕಳುಹಿಸದೆ ಪರೀಕ್ಷೆಯ ಪತ್ರಿಕೆಯನ್ನು ಮಾತ್ರ ಕಳುಹಿಸಿದರೆ ಅದು ಶಿಕ್ಷಣವೆನಿಸುವುದೆ?

ಇನ್ನು ನಮ್ಮತ್ತಲೂ ಒಮ್ಮೆ ನೋಡಿಕೊಳ್ಳೋಣ. ಈ ಬೆಟ್ಟಗಳಲ್ಲಿ ಸೋಲಿಗರ ಹಾಡಿಗಳಿವೆ. ಅವರ ಮನೆಮಾತು ಕನ್ನಡಕ್ಕೆ ಒಡಹುಟ್ಟಿದುದಾದರೂ ಪಠ್ಯಪುಸ್ತಕದ ಕನ್ನಡವಲ್ಲ. ತಮಿಳರ ನಡುವೆ ನಾವು ಅಲ್ಪಸಂಖ್ಯಾತರಾದರೆ, ನಮ್ಮ ನಡುವೆ ಅವರು. ಕಾಡಿನಿಂದ ಬಂದ ಹುಡುಗಿಯ ಉಚ್ಚಾರಣೆಯನ್ನು ಕೇಳಿ ತರಗತಿ ನಕ್ಕಾಗ ಉಪಾಧ್ಯಾಯರೂ ನಗುವುದಾದರೆ, ನಮಗೆ ನ್ಯಾಯ ಬೇಕೆಂದು ಈರೋಡಿನಲ್ಲಿ ಕೇಳಲು ನಮಗೆ ಯಾವ ಬಾಯಿ? 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯ 17ನೆಯ ಪ್ರಕರಣವು ಹೊಡೆತವನ್ನಷ್ಟೇ ಅಲ್ಲದೆ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ದುರ್ಬಲ ವರ್ಗದ ಮಗುವಿಗೆ ಭೇದವಾಗದಂತೆ ಕಾಯುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ. ವಯಸ್ಸು ಮೀರಿ ಬಂದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ, ವಿಶೇಷ ತರಬೇತಿ ಕೊಡಬೇಕೆಂದೂ ಅದರಲ್ಲಿದೆ. ಬೋಧನೆಯು ಸಾಧ್ಯವಾದ ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲಿರಬೇಕೆಂಬ 29ನೆಯ ಪ್ರಕರಣದ ಮಾತು ಕನ್ನಡದ ಮಗುವಿಗೆ ಸಲ್ಲುವಂತೆಯೇ ಸೋಲಿಗರ ಮಗುವಿಗೂ ಸಲ್ಲುತ್ತದೆ.

ಅದೇ ಕಾಯಿದೆಯಂತೆ ಸರ್ಕಾರಿ ಶಾಲೆಯ ಆಡಳಿತ ಸಮಿತಿಯಲ್ಲಿ ನಾಲ್ವರಲ್ಲಿ ಮೂವರು ಪೋಷಕರಿರಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು. ಹಿಂದುಳಿದವರ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಸ್ಥಾನ. ತಾಯಂದಿರೇ, ನಿಮ್ಮೂರಿನ ಸಮಿತಿಯ ಪಟ್ಟಿಯನ್ನು ಒಮ್ಮೆ ತರಿಸಿ ನೋಡಿರಿ. ಹೆಸರುಗಳನ್ನು ಎಣಿಸಿರಿ. ಹಾಡಿಯ ತಾಯಿಯೊಬ್ಬಳ ಹೆಸರು ಅದರಲ್ಲಿಲ್ಲದಿದ್ದರೆ, ಮುಂದಿನ ಸಭೆಗೆ ಹೋಗುವಾಗ ಅವಳನ್ನೂ ಜೊತೆಗೆ ಕರೆದುಕೊಂಡು ಹೋಗಿರಿ.