ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರದ ಕೈಬಾವು: ಒತ್ತಡದ ತೋಳುಗವಸಿನ ಬಳಕೆ ಕುರಿತು ಮಾಹಿತಿ

(ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ತಾಲ್ಲೂಕುಗಳ ನಾಗರಿಕರ ಗಮನಕ್ಕೆ)

ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ದುಗ್ಧರಸ ಗ್ರಂಥಿಗಳನ್ನು ತೆಗೆದಲ್ಲಿ ಅಥವಾ ಆ ಭಾಗಕ್ಕೆ ವಿಕಿರಣ ಚಿಕಿತ್ಸೆ ನೀಡಿದಲ್ಲಿ, ಕೈಯಿಂದ ಮರಳಬೇಕಾದ ದುಗ್ಧರಸದ ಹರಿವು ಕುಂಠಿತಗೊಂಡು ಅದೇ ಬದಿಯ ಕೈ ಬಾತುಕೊಳ್ಳುವ ಸಂಭವವಿರುತ್ತದೆ. ಇದು ಕೆಲವು ತಿಂಗಳಲ್ಲಿ ಅಥವಾ ಹಲವು ವರ್ಷಗಳ ನಂತರವೂ ಕಾಣಿಸಿಕೊಳ್ಳಬಹುದು. ಸೊಳ್ಳೆಯಿಂದ ಹರಡುವ ಆನೆಕಾಲು ರೋಗಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಅಂಟುವ ರೋಗವೂ ಅಲ್ಲ. ಕೈ ಭಾರವೆನಿಸುವುದು, ಒಂದೇ ಕೈಯ ಬಳೆ ಅಥವಾ ಕುಪ್ಪಸದ ತೋಳು ಬಿಗಿಯಾಗುವುದು ಆರಂಭದ ಲಕ್ಷಣಗಳು. ಬಾವಿಗೆ ರಕ್ತನಾಳದ ಹೆಪ್ಪು ಅಥವಾ ಕ್ಯಾನ್ಸರ್ ಮರುಕಳಿಕೆ ಕಾರಣವಲ್ಲವೆಂದು ವೈದ್ಯರು ಮೊದಲು ಖಚಿತಪಡಿಸಿಕೊಳ್ಳಬೇಕಾಗುತ್ತದೆ.

ತೋಳುಗವಸು ಈ ಬಾವನ್ನು ಹತೋಟಿಯಲ್ಲಿಡುತ್ತದೆಯೇ ಹೊರತು ಪೂರ್ಣವಾಗಿ ಗುಣಪಡಿಸುವುದಿಲ್ಲ. ಬಾವು ಹೆಚ್ಚಿದ್ದಲ್ಲಿ ಪದರ ಪಟ್ಟಿ ಕಟ್ಟಿ ಇಳಿಸಿದ ನಂತರವೇ ಅಳತೆ ಪಡೆಯತಕ್ಕದ್ದು. ಅಂದಾಜಿನ ಮೇಲೆ ಕೊಂಡ ಅಥವಾ ಬೇರೊಬ್ಬರು ಬಳಸಿದ ಗವಸು ಮಣಿಕಟ್ಟಿನಲ್ಲಿ ಬಿಗಿದು ಬಾವನ್ನು ಅಂಗೈಗೆ ತಳ್ಳುತ್ತದೆ. ಹಣ ಉಳಿಸಲು ಹೋಗಿ ಕೈ ಕೆಡಿಸಿಕೊಂಡಂತಾಗುತ್ತದೆ. ಸಾಮಾನ್ಯವಾಗಿ ಬೆಳಿಗ್ಗೆ ಎದ್ದೊಡನೆ ಧರಿಸಿ, ಮಲಗುವಾಗ ತೆಗೆಯಬೇಕು. ಚರ್ಮಕ್ಕೆ ಎಣ್ಣೆ, ಮುಲಾಮುಗಳನ್ನು ರಾತ್ರಿ ಮಾತ್ರ ಹಚ್ಚತಕ್ಕದ್ದು. ಎರಡು ಗವಸುಗಳಿದ್ದಲ್ಲಿ ಒಂದನ್ನು ಒಗೆದು ನೆರಳಿನಲ್ಲಿ ಒಣಗಿಸಬಹುದು. ದಿನನಿತ್ಯ ಬಳಸಿದ ಗವಸು ಸುಮಾರು 6 ತಿಂಗಳಲ್ಲಿ ಸಡಿಲಗೊಳ್ಳುವುದರಿಂದ ಮತ್ತೆ ಅಳತೆ ಮಾಡಿಸಿ ಹೊಸದನ್ನು ಪಡೆಯಬೇಕು. ಈ ಭಾಗದ ಬೇಸಿಗೆಯಲ್ಲಿ ಇದನ್ನು ಧರಿಸುವುದು ಕಷ್ಟವೆಂಬುದು ನಿಜ. ಆದರೆ ಸೆಕೆಯಲ್ಲಿ ಬಾವೂ ಹೆಚ್ಚುವುದರಿಂದ ತಾವಾಗಿಯೇ ಬಳಕೆ ನಿಲ್ಲಿಸದೆ ವೈದ್ಯರ ಸಲಹೆ ಪಡೆಯುವುದು ಸೂಕ್ತ.

ಇಂಡಿ ಭಾಗದ ಲಿಂಬೆ ತೋಟಗಳಲ್ಲಿ ದುಡಿಯುವವರು ಮುಳ್ಳಿನ ಗಾಯವನ್ನು ಅಲಕ್ಷಿಸಬಾರದು. ಕೈ ಕೆಂಪಾಗಿ ಬಿಸಿಯಾದಲ್ಲಿ ಅಥವಾ ಚಳಿಜ್ವರ ಬಂದಲ್ಲಿ ಗವಸು ತೆಗೆದು ಅದೇ ದಿನ ಆಸ್ಪತ್ರೆಗೆ ತೆರಳತಕ್ಕದ್ದು. ಬೆರಳು ನೀಲಿಗಟ್ಟಿದರೆ ಅಥವಾ ಜೋಮು ಹಿಡಿದರೆ ಕೂಡಲೇ ಗವಸು ತೆಗೆಯಬೇಕು. ಕೆಲಸವನ್ನು ಪೂರ್ತಿ ಬಿಡುವ ಅಗತ್ಯವಿಲ್ಲ. ಭಾರವನ್ನು ಹಂತಹಂತವಾಗಿ ಹೆಚ್ಚಿಸಿಕೊಳ್ಳಬಹುದು.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂ.ವರೆಗೆ ಚಿಕಿತ್ಸಾ ಸೌಲಭ್ಯವಿದೆ. ಯೋಜನೆಯು ನಗದುರಹಿತವಾಗಿರುವುದರಿಂದ, ಗವಸಿನ ವೆಚ್ಚವು ತಮ್ಮ ಚಿಕಿತ್ಸೆಯಲ್ಲಿ ಸೇರುತ್ತದೆಯೇ ಎಂಬುದನ್ನು ಖರೀದಿಗೆ ಮುನ್ನವೇ ನೋಂದಾಯಿತ ಆಸ್ಪತ್ರೆಯ ಆರೋಗ್ಯ ಮಿತ್ರರಲ್ಲಿ ವಿಚಾರಿಸುವುದು. ಪಡಿತರ ಚೀಟಿ, ಆಧಾರ್ ಹಾಗೂ ಶಸ್ತ್ರಚಿಕಿತ್ಸೆಯ ಡಿಸ್ಚಾರ್ಜ್ ಪತ್ರದೊಂದಿಗೆ ಮೊದಲು ತಾಲ್ಲೂಕು ಆಸ್ಪತ್ರೆಯನ್ನು ಸಂಪರ್ಕಿಸುವುದು. ವಿಜಯಪುರ ಜಿಲ್ಲಾ ಆಸ್ಪತ್ರೆಗೆ ತೆರಳಬೇಕಾದ ಮಹಿಳೆಯರು, 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದು.