ರಂಗಂಪೇಟೆಯ ಕಟ್ಟೆಯಲ್ಲಿ ಬಂಗಾರದ ಗುಂಡು

ಚಾರ್ಜಿಂಗ್ ಪಿನ್ ಹಾಳಾಗಿದ್ದ ಫೋನ್ ಹಿಡಿದು ಕಳೆದ ಭಾನುವಾರ ಸುರಪುರದ ರಂಗಂಪೇಟೆಯ ರಿಪೇರಿ ಅಂಗಡಿಯೊಂದರ ಕಟ್ಟೆಯ ಮೇಲೆ ಕೂತಿದ್ದೆ. ಪಕ್ಕದಲ್ಲಿ ಪಿಯುಸಿ ಓದುವ ಇಬ್ಬರು ಹುಡುಗರು ತಲೆ ತಗ್ಗಿಸಿ ಕಾದಾಡುತ್ತಿದ್ದರು. ‘ವರ್ಲ್ಡ್ ಆಫ್ ಟ್ಯಾಂಕ್ಸ್ ಬ್ಲಿಟ್ಜ್’. ಈ ಕಡೆ ಏಳು ಟ್ಯಾಂಕು, ಆ ಕಡೆ ಏಳು.

“ಎದುರು ಹೋಗಬ್ಯಾಡಲೇ, ಟೈಗರ್ ಅದ. ಹಿಂದಿಂದ ಬಾ” ಅಂದ ಒಬ್ಬ. ಇನ್ನೊಬ್ಬನ ಕೈಯಲ್ಲಿ ಟಿ-34-85. ಹೊಡೆದ ಮೊದಲ ಗುಂಡು ಟೈಗರಿನ ಎದೆಗೆ ತಾಗಿ ಕಿಡಿ ಹಾರಿಸಿ ಜಾರಿತು. ಆತ ಬೆರಳು ಸರಿಸಿ ಗುಂಡು ಬದಲಿಸಿದ. “ಬಂಗಾರದ್ದು ಹಾಕ್ತೀನಿ. ನಾಕ ಉಳದಾವ.” ಈ ಸಲ ಗುಂಡು ಒಳಗೆ ಹೋಯಿತು. ಆದರೂ ಟೈಗರ್ ಸತ್ತದ್ದು ಬಂಗಾರದಿಂದಲ್ಲ. ಅಷ್ಟರಲ್ಲಿ ಗೆಳೆಯ ಗುಡ್ಡ ಬಳಸಿ ಅದರ ಬೆನ್ನಿಗೆ ಬಂದಿದ್ದ. ನನಗೆ ಮೈ ಝುಂ ಎಂದಿತು. ಪಿನ್ನಿನ ಕೆಲಸ ಮುಗಿದರೂ ಕಟ್ಟೆ ಬಿಟ್ಟು ಏಳಲಿಲ್ಲ.

ಈ ಬಂಗಾರದ ಗುಂಡಿನ ಕತೆ ನನ್ನನ್ನು ಬಹಳ ದಿನದಿಂದ ಕಾಡಿದ್ದು. ಮಿನ್ಸ್ಕ್‌ನಲ್ಲಿ ಹುಟ್ಟಿದ ವಾರ್‌ಗೇಮಿಂಗ್ ಕಂಪನಿ 2010ರಲ್ಲಿ ರಷ್ಯಾದಲ್ಲಿ, ಮರುವರ್ಷ ಯುರೋಪು ಅಮೆರಿಕಗಳಲ್ಲಿ ಬ್ಲಿಟ್ಜ್‌ನ ಮೂಲವಾದ ‘ವರ್ಲ್ಡ್ ಆಫ್ ಟ್ಯಾಂಕ್ಸ್’ ಬಿಟ್ಟಾಗ ಕವಚ ಹೆಚ್ಚು ಸೀಳುವ ಗುಂಡು ಆಟದ ‘ಗೋಲ್ಡ್’ಗೆ ಮಾತ್ರ ಸಿಗುತ್ತಿತ್ತು. ಗೋಲ್ಡ್ ಎಂದರೆ ಮುಖ್ಯವಾಗಿ ಜೇಬಿನ ರೊಕ್ಕ. ಕಾಸಿದ್ದವನ ಗುಂಡು ಒಳಗೆ, ಇಲ್ಲದವನದು ಹೊರಗೆ. ಗಲಾಟೆಯಾಯಿತು. 2012ರಲ್ಲಿ ಆಡಿ ಗಳಿಸುವ ‘ಕ್ರೆಡಿಟ್’ಗೂ ಆ ಗುಂಡು ಕೊಟ್ಟರು. ಹೆಸರು ಮಾತ್ರ ಬಂಗಾರದ್ದೇ ಉಳಿಯಿತು. 2013ರಲ್ಲಿ ಕಂಪನಿ ‘ರೊಕ್ಕ ಕೊಟ್ಟು ಗೆಲ್ಲುವ ಆಟ ನಮ್ಮದಲ್ಲ’ ಎಂದು ಸಾರಿತು.

ಸಮಸ್ಯೆ ಮುಗಿಯಿತೇ? ಇಲ್ಲ, ಬಾಗಿಲು ಬದಲಾಯಿತು ಅಷ್ಟೇ. ಬಂಗಾರದ ಗುಂಡಿನ ಕ್ರೆಡಿಟ್ ಬೆಲೆ ಸಾದಾ ಗುಂಡಿಗಿಂತ ಹಲವು ಪಟ್ಟು. ನಿತ್ಯ ಅದನ್ನೇ ಹೊಡೆದರೆ ಗೆದ್ದ ಆಟದಲ್ಲೂ ನಷ್ಟ. ಆ ನಷ್ಟ ತುಂಬಲು ರೊಕ್ಕದ ‘ಪ್ರೀಮಿಯಂ’ ಟ್ಯಾಂಕು ಕೊಳ್ಳಬೇಕು, ಪ್ರೀಮಿಯಂ ಖಾತೆ ಬೇಕು. ಅವು ಹೆಚ್ಚು ಕ್ರೆಡಿಟ್ ತರುತ್ತವೆ. ಅಂದರೆ ಗುಂಡನ್ನು ನೇರವಾಗಿ ಮಾರುವುದಿಲ್ಲ, ಗುಂಡು ಕೊಳ್ಳುವ ಶಕ್ತಿಯನ್ನು ಮಾರುತ್ತಾರೆ. ಇದು ಹೆಚ್ಚು ಜಾಣತನದ ವ್ಯಾಪಾರ, ಹಾಗಾಗಿ ಹೆಚ್ಚು ಎಚ್ಚರ ಬೇಕಾದದ್ದು. ಆದರೂ ಇಲ್ಲಿ ಬೆನ್ನಿಗೆ ಬಂದ ಬಡವ ಗೆಲ್ಲುತ್ತಾನೆ. ಅದಕ್ಕೇ ನನಗೆ ಈ ಆಟದ ಮೇಲೆ ಮಮತೆ.

ಇಂಥದೇ ಇನ್ನೊಂದು ಟ್ಯಾಂಕಿನ ಆಟ, ಗೈಜಿನ್ ಕಂಪನಿಯ ‘ವಾರ್ ಥಂಡರ್’, 2012ರಿಂದ ಇದೆ. ಅಲ್ಲಿ ‘ಪ್ರಾಣದ ಪಟ್ಟಿ’ (ಹೆಲ್ತ್ ಬಾರ್) ಇಲ್ಲ. ಗುಂಡು ಒಳಹೊಕ್ಕು ಚಾಲಕನಿಗೆ ತಗುಲಿತೋ, ಎಂಜಿನ್ನಿಗೋ, ಮದ್ದಿನ ರಾಶಿಗೋ ಎಂಬುದೇ ಲೆಕ್ಕ. ಒಂದೇ ಏಟಿಗೆ ದುಬಾರಿ ಟ್ಯಾಂಕೂ ಬೂದಿ. ಅಲ್ಲಿ ಮಾರುವುದು ಸಮಯ: ಮೇಲಿನ ಹಂತಕ್ಕೆ ಏರಲು ತಿಂಗಳುಗಟ್ಟಲೆ ಆಡಬೇಕು, ಇಲ್ಲವೇ ರೊಕ್ಕ ಸುರಿಯಬೇಕು. 2023ರ ಮೇನಲ್ಲಿ ಈ ಆರ್ಥಿಕತೆಗೆ ಬೇಸತ್ತ ಆಟಗಾರರು ಆಟ ಮಾರುವ ಸ್ಟೀಮ್ ತಾಣದಲ್ಲಿ ಕೆಟ್ಟ ವಿಮರ್ಶೆಗಳ ಮಳೆ ಸುರಿಸಿದರು, ಕಂಪನಿ ಬಗ್ಗಿ ಬದಲಾವಣೆ ಮಾಡಿತು.

ಕಟ್ಟೆಯ ಮೇಲೆ ಮೂರನೆಯ ಹುಡುಗನೂ ಒಬ್ಬ ಇದ್ದ. ಅವನು ಆಡುತ್ತಿದ್ದದ್ದು 2014ರ ‘ವಾರ್ ರೋಬೋಟ್ಸ್’, ಆರಕ್ಕೆ ಆರು. ಅದು ನನಗೆ ಒಪ್ಪಿಗೆಯಿಲ್ಲ. ಅಲ್ಲಿ ರೋಬೋಟನ್ನೂ ಬಂದೂಕನ್ನೂ ಹಂತಹಂತವಾಗಿ ‘ಅಪ್‌ಗ್ರೇಡ್’ ಮಾಡಬೇಕು. ಒಂದೇ ರೋಬೋಟು, ಒಂದೇ ಬಂದೂಕು, ಆದರೆ ಖರ್ಚು ಮಾಡಿದವನದು ಹೆಚ್ಚು ಗಟ್ಟಿ. ಹಿಂದಿನಿಂದ ಬಂದರೂ ಅಂತರ ತುಂಬದು.

ಅವನು ಹೇಳಿದ ಒಂದು ಮಾತು ನಾನು ಎಲ್ಲೂ ಓದಿರಲಿಲ್ಲ. “ಸೋತ್ರ ನಮ್ಮ ಟೀಮಿನವ್ರೇ ಬೈತಾರ್ರಿ ಸರ. ನಿಂದು ಲೆವೆಲ್ ಕಡಿಮಿ ಐತಿ, ನೀ ಯಾಕ ಬಂದಿ ಅಂತಾರ.” ತಂಡದಾಟದ ನಿಜವಾದ ಒತ್ತಡ ಇದೇ. ಒಬ್ಬನೇ ಆಡುವ ಆಟದಲ್ಲಿ ರೊಕ್ಕ ಹಾಕದಿದ್ದರೆ ಸೋಲು ನಿಮ್ಮದು ಮಾತ್ರ. ಇಲ್ಲಿ ನಿಮ್ಮ ಬಡತನ ಉಳಿದ ಐವರ ಸೋಲಾಗುತ್ತದೆ. ವಸೂಲಿಗೆ ಕಂಪನಿ ಜಾಹೀರಾತು ಹಾಕಬೇಕಿಲ್ಲ, ಜೊತೆಗಾರರೇ ಸಾಕು.

ಟಿ-34ರ ಹುಡುಗ ನಕ್ಕು ಇನ್ನೊಂದು ಹೇಳಿದ: “ವಾಗಣಗೇರಾ ಕ್ವಾಟಿ ಗೊತ್ತಲ್ರಿ? ಔರಂಗಜೇಬನ ಕಡೆ ರೊಕ್ಕ, ತೋಪು ಎಲ್ಲಾ ಇತ್ತು.” 1705ರಲ್ಲಿ ಬಾದಶಹನೇ ಬಂದು ಮುತ್ತಿಗೆ ಹಾಕಿದ ಕೋಟೆ ಅದು. ಕೋಟೆ ದಕ್ಕಿತು, ಅದರ ಒಡೆಯ ಪಿಡ್ಡನಾಯಕ ದಕ್ಕಲಿಲ್ಲ. ಸುರಪುರದ ಸೀಮೆಯ ಹುಡುಗನಿಗೆ ಬೆನ್ನಿಗೆ ಬರುವ ಯುದ್ಧ ಹೇಳಿಕೊಡಬೇಕಿಲ್ಲ ಎಂದು ನನಗೆ ಹೆಮ್ಮೆಯಾಯಿತು.

ಈ ರೊಕ್ಕದ ಮೇಲೆ ಕಾನೂನಿನ ಕಾವಲಿದೆಯೇ? 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿದ್ದು ಹಣ ಗೆಲ್ಲುವ ಆಸೆಗೆ ಹಣ ಹೂಡುವ ಆಟಗಳನ್ನು. ಟ್ಯಾಂಕು ಕೊಳ್ಳಲು ಹಾಕಿದ ರೊಕ್ಕದಿಂದ ವಾಪಸ್ ಏನೂ ಬರುವುದಿಲ್ಲ, ಹಾಗಾಗಿ ಇದು ಅದರೊಳಗೆ ಬರದು. ಕಾವಲು ಮನೆಯವರದೇ. ಮಗನ ಕೈಯಿಂದ ಫೋನ್ ಕಸಿಯುವ ಮೊದಲು ಪಕ್ಕದಲ್ಲಿ ಕೂತು ಒಂದು ಆಟ ನೋಡಿ, ‘ಇದರಾಗ ರೊಕ್ಕಕ್ಕ ಏನು ಸಿಗ್ತದಪ್ಪ?’ ಎಂದು ಕೇಳಿ. ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇವತ್ತೇ ಇಟ್ಟುಬಿಡಿ.