ಕರೆಂಟು ಶುದ್ಧವಾದರೆ ಹಾಡು ಇಂಪಾಗುತ್ತದೆಯೇ?



ಊರಿನಲ್ಲಿ ಟಿ.ವಿ., ಫ್ರಿಜ್ಜು ಕೊಂಡರೆ ಜೊತೆಗೊಂದು ಸ್ಟೆಬಿಲೈಜರ್ ಕೊಳ್ಳುವುದು ನಮ್ಮಲ್ಲಿ ರೂಢಿ. ಸಂಜೆಯಾದರೆ ಬಲ್ಬು ಮಂಕಾಗುವುದನ್ನು ನೋಡಿ ಬೆಳೆದ ನಮಗೆ, "ಆಂಪ್ಲಿಫೈಯರ್‌ಗೆ ಪವರ್ ಕಂಡೀಶನರ್ ಹಾಕಿ, ಧ್ವನಿ ಸ್ವಚ್ಛವಾಗುತ್ತದೆ" ಎಂದು ಇಲ್ಲಿಯ ಅಂಗಡಿಯವರು ಹೇಳಿದರೆ ನಂಬಿಕೆ ಬರುವುದು ಸಹಜ. ಆದರೆ ಅದರ ಬೆಲೆ ನೂರಾರು ಯೂರೋ, ಕೆಲವಕ್ಕೆ ಸಾವಿರಾರು. ಕೂಟದ ಕೆಲವು ಗೆಳೆಯರು ಕೊಳ್ಳಬೇಕೇ ಎಂದು ಕೇಳಿದ್ದರಿಂದ ಈ ಲೇಖನ.

ಗೋಡೆಯ ಸಾಕೆಟ್ಟಿನಲ್ಲಿ ಬರುವುದು 230 ವೋಲ್ಟಿನ, ಸೆಕೆಂಡಿಗೆ 50 ಬಾರಿ ಏರಿಳಿಯುವ ಎ.ಸಿ. ಆಂಪ್ಲಿಫೈಯರ್ ಇದನ್ನು ಹಾಗೆಯೇ ಬಳಸುವುದಿಲ್ಲ. ಒಳಗಿನ ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಡಯೋಡುಗಳು ಅದನ್ನು ಡಿ.ಸಿ. ಮಾಡುತ್ತವೆ, ದೊಡ್ಡ ಕೆಪಾಸಿಟರ್‌ಗಳು ಅದನ್ನು ತುಂಬಿಟ್ಟುಕೊಳ್ಳುತ್ತವೆ. ಬೆಂಗಳೂರಿನಲ್ಲಿ ಎರಡು ದಿನಕ್ಕೊಮ್ಮೆ ನೀರು ಬಂದರೂ, ಮಹಡಿ ಮೇಲಿನ ಟ್ಯಾಂಕ್ ತುಂಬಿದ್ದರೆ ನಲ್ಲಿಯಲ್ಲಿ ಒಂದೇ ಸಮನೆ ಬರುವುದಿಲ್ಲವೇ? ಹಾಗೆಯೇ ಇದು. ಅಂದರೆ ಒಂದು ಕಂಡೀಶನರ್ ಪೆಟ್ಟಿಗೆಯೊಳಗೇ ಇದೆ!

ಯೂರೋಪಿನ ಮಾನದಂಡದಂತೆ ಮನೆಯ ವೋಲ್ಟೇಜ್ ಸಾಮಾನ್ಯವಾಗಿ 207ರಿಂದ 253ರೊಳಗೆ ಇರಬೇಕು. ಒಳ್ಳೆಯ ಆಂಪ್ಲಿಫೈಯರ್ ಇಷ್ಟು ಏರಿಳಿತವನ್ನು ತಾನೇ ನಿಭಾಯಿಸುತ್ತದೆ. 2018ರ ಆರಂಭದಲ್ಲಿ ಯೂರೋಪಿನ ವಿದ್ಯುತ್ ಜಾಲದ ಆವರ್ತನ ವಾರಗಟ್ಟಲೆ 50ಕ್ಕಿಂತ ಕೂದಲೆಳೆಯಷ್ಟು ಕಡಿಮೆಯಿತ್ತು. ಅಡುಗೆ ಒಲೆಗಳ ಗಡಿಯಾರಗಳು ಮಾರ್ಚ್ ವೇಳೆಗೆ ಸುಮಾರು ಆರು ನಿಮಿಷ ಹಿಂದೆ ಬಿದ್ದವು. ಸಿ.ಡಿ. ಪ್ಲೇಯರ್‌ಗಳಿಗೆ ಏನೂ ಆಗಲಿಲ್ಲ, ಏಕೆಂದರೆ ಅವು ತಮ್ಮದೇ ಕ್ವಾರ್ಟ್ಸ್ ಹರಳಿನ ತಾಳಕ್ಕೆ ನಡೆಯುತ್ತವೆ.

ಹಾಗಾದರೆ ಸ್ಪೀಕರ್‌ನಲ್ಲಿ ಕೇಳುವ "ಗುಂಯ್" ಎಲ್ಲಿಂದ? ಬಹಳ ಮನೆಗಳಲ್ಲಿ ಅದು ಗ್ರೌಂಡ್ ಲೂಪ್. ಕೇಬಲ್ ಟಿ.ವಿ. ತಂತಿ ಒಂದು ಕಡೆ ಅರ್ಥ್ ಆಗಿರುತ್ತದೆ, ಕಂಪ್ಯೂಟರ್ ಪ್ಲಗ್ಗಿನ ಮೂಲಕ ಇನ್ನೊಂದು ಕಡೆ. ಇವೆರಡರ ನಡುವಿನ ಅಲ್ಪ ವ್ಯತ್ಯಾಸದಿಂದ ಆಡಿಯೋ ತಂತಿಯ ಹೊದಿಕೆಯಲ್ಲಿ ಕರೆಂಟು ಹರಿದು ಗುಂಯ್‌ಗುಡುತ್ತದೆ. ಸಾಮಾನ್ಯ ಕಂಡೀಶನರ್ ಈ ಸುತ್ತನ್ನು ಮುರಿಯುವುದಿಲ್ಲ. ಆಂಟೆನಾ ತಂತಿ ಕಿತ್ತು ನೋಡಿ. ಸದ್ದು ನಿಂತರೆ ಅಂಗಡಿಯಲ್ಲಿ "ಮಾಂಟೆಲ್‌ಶ್ಟ್ರೋಮ್‌ಫಿಲ್ಟರ್" ಎಂದು ಕೇಳಿ, ಹತ್ತು ಹದಿನೈದು ಯೂರೋಗೆ ಸಿಗುವ ಪುಟ್ಟ ವಸ್ತು.

ಒಂದು ಎಚ್ಚರಿಕೆ: ಸದ್ದು ನಿಲ್ಲಿಸಲು ಪ್ಲಗ್ಗಿನ ಅರ್ಥ್ ಪಟ್ಟಿಗೆ ಟೇಪ್ ಅಂಟಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಳಗೆ ತಂತಿ ಸಡಿಲಾದರೆ ಲೋಹದ ಪೆಟ್ಟಿಗೆಗೇ 230 ವೋಲ್ಟ್ ಬರುತ್ತದೆ, ಮೊದಲು ಮುಟ್ಟುವುದು ಮಕ್ಕಳೇ ಇರಬಹುದು.

ಫಿಲ್ಟರ್‌ಗಳಿಂದ ಉಪಯೋಗವೇ ಇಲ್ಲವೆಂದಲ್ಲ. ಫ್ರಿಜ್ಜು ಶುರುವಾದಾಗ ಸ್ಪೀಕರ್ "ಟಕ್" ಎನ್ನುತ್ತಿದ್ದರೆ, ಡಿಮ್ಮರ್ ಹಾಕಿದೊಡನೆ ಕರಕರ ಬಂದರೆ, ಸಾಧಾರಣ ಬೆಲೆಯ ಫಿಲ್ಟರ್ ನೆರವಾಗಬಹುದು. ಸಿಡಿಲಿನ ಕಾಲಕ್ಕೆ ಸರ್ಜ್ ಪ್ರೊಟೆಕ್ಟರ್ ಇರಲಿ. ಅದು ಯಂತ್ರಕ್ಕೆ ರಕ್ಷಣೆ, ರಾಗಕ್ಕಲ್ಲ.

ಆದರೂ ಆಸೆಯಿದ್ದರೆ ಅಂತರ್ಜಾಲದಲ್ಲಿ ಕೊಳ್ಳಿ, 14 ದಿನದೊಳಗೆ ಹಿಂದಿರುಗಿಸುವ ಹಕ್ಕಿದೆ. ನಿಮಗೆ ಕಾಣದಂತೆ ಮನೆಯವರು ನಾಣ್ಯ ಚಿಮ್ಮಿ ಅದನ್ನು ಹಾಕಲಿ ಅಥವಾ ತೆಗೆಯಲಿ, ಹಾಡು ಕೇಳಿ ನೀವು ಯಾವುದೆಂದು ಹೇಳಿ. ಹತ್ತರಲ್ಲಿ ಒಂಬತ್ತಾದರೂ ಸರಿ ಬರಬೇಕು. ಬರೀ ಊಹೆಯಿಂದ ಅಷ್ಟು ಸರಿಯಾಗುವ ಸಾಧ್ಯತೆ ನೂರಕ್ಕೆ ಒಂದರಷ್ಟೇ.

ನಮ್ಮಲ್ಲಿ ಹಲವರ ಬಳಿ ಅಪ್ಪ ತುಂಬಿಸಿಟ್ಟ ಕ್ಯಾಸೆಟ್‌ಗಳಿವೆ: ಚಾಮರಾಜಪೇಟೆಯ ರಾಮನವಮಿ ಕಚೇರಿಗಳು, ಅಜ್ಜಿಯ ದೇವರನಾಮಗಳು. ಅದರಲ್ಲಿ ಅಚ್ಚಾದ ಸದ್ದನ್ನು ಯಾವ ಕಂಡೀಶನರ್ರೂ ಅಳಿಸಲಾರದು. ಟೇಪು ಮಾತ್ರ ವರ್ಷದಿಂದ ವರ್ಷಕ್ಕೆ ಹಾಳಾಗುತ್ತಿದೆ. ಆ ನೂರಾರು ಯೂರೋ ಇದ್ದರೆ, ಈ ಚಳಿಗಾಲದಲ್ಲೇ ಅವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು ಬಳಸಿ. ಉಳಿದರೆ ಬರಿಯ ನೆಲಕ್ಕೊಂದು ದಪ್ಪ ಕಾರ್ಪೆಟ್ ಹಾಸಿ. ಆ ವ್ಯತ್ಯಾಸ ಕಣ್ಣು ಮುಚ್ಚಿದರೂ ಕೇಳಿಸುತ್ತದೆ.